ಸಹಿಗೆ ಮೊದಲು ಪಟ್ಟಿ ಆಗಲಿ

ಪ್ರಶ್ನೆ: ಬ್ಯಾಟರಾಯನಪುರದ ಒಂದು ಖಾಸಗಿ ಟ್ರಸ್ಟಿನ ಇತಿಹಾಸ ಸಂಶೋಧನಾ ಗ್ರಂಥಾಲಯದಲ್ಲಿ ಈಚೆಗೆ ಕೆಲಸಕ್ಕೆ ಸೇರಿದ್ದೇನೆ. ಮೊದಲು ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುತ್ತಿದ್ದೆ. ಈಗ ವಿದ್ವತ್ ಕಾರ್ಯಕ್ರಮಗಳು, ಹೊರಗಿನ ಸಂಸ್ಥೆಗಳ ಜತೆಗಿನ ಸಹಯೋಗ, ಎರಡೂ ನನ್ನ ಹೊಣೆ. ನಮ್ಮಲ್ಲಿ ಓಲೆಗರಿ ಇದೆ, ಕಡತ ಇದೆ, ಮೋಡಿ ಲಿಪಿಯ ಕಾಗದಗಳಿವೆ, ಸುತ್ತಲಿನ ಹಳೆಯ ಮನೆತನದವರು ಕೊಟ್ಟ ಪತ್ರಗಳ ಕಟ್ಟುಗಳಿವೆ. ಟ್ರಸ್ಟಿಗಳಿಗೆ ಈ ವರ್ಷವೇ ವಿದೇಶದ ವಿಶ್ವವಿದ್ಯಾಲಯವೊಂದರ ಜತೆ ಒಪ್ಪಂದ ಆಗಬೇಕು, ಅಂತರರಾಷ್ಟ್ರೀಯ ವಿಚಾರ ಸಂಕಿರಣ ನಡೆಯಬೇಕು. ಅಲ್ಲಿಯವರು ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಡುತ್ತೇವೆ ಅಂದಿದ್ದಾರೆ. ಆದರೆ ನಮ್ಮ ಗ್ರಂಥಪಾಲಕರು ಬೀರುವಿನ ಬೀಗದ ಕೈ ಬಿಟ್ಟುಕೊಡುತ್ತಿಲ್ಲ. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುವುದು, ಹಳಬರು. "ಇವತ್ತು ಫೋಟೊ ತಗೊಂಡು ಹೋಗ್ತಾರಮ್ಮ, ನಾಳೆ ನಮ್ಮ ಹತ್ರ ಯಾರು ಬರ್ತಾರೆ?" ಅನ್ನುತ್ತಾರೆ. ಈಗಲೂ ಓದುವ ಕೋಣೆಗೆ ಬರುವವರು ಕಡಿಮೆಯೇ. ಇತ್ತ ಟ್ರಸ್ಟಿಗಳು, ಅತ್ತ ಮೇಷ್ಟ್ರು. ಅವರನ್ನು ಒಪ್ಪಿಸುವುದು ಹೇಗೆ?
— ಹೆಸರು ಬೇಡ, ಬ್ಯಾಟರಾಯನಪುರ

ಉತ್ತರ: ಮೇಷ್ಟ್ರನ್ನು ಒಪ್ಪಿಸುವ ಯೋಚನೆ ಸದ್ಯಕ್ಕೆ ಬಿಡಿ. ಅವರು ಕೇಳಿದ ಪ್ರಶ್ನೆ ಸರಿಯಾಗಿದೆ. ಒಪ್ಪಂದದ ಕರಡಿನಲ್ಲಿ ಅದಕ್ಕೆ ಉತ್ತರ ಇದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಹೊತ್ತು ಇನ್ನೂ ಬಂದಿಲ್ಲ.

ಅವರ ಅಂಜಿಕೆ ನಮ್ಮ ನಾಡಿಗೆ ಹೊಸದಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಓಲೆಗರಿಗಳು ಶತಮಾನಗಳ ಕಾಲ ಉಳಿದು ಬಂದವು. ಪ್ರಾಕೃತದ ಗ್ರಂಥ, ಹಳಗನ್ನಡ ಲಿಪಿ. ಜನ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವವರಿರಲಿಲ್ಲ. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಶುರುವಾಗಿ 1922ರವರೆಗೆ ನಡೆಯಿತು. ಪ್ರತಿಯೂ ಬಸದಿಯಲ್ಲೇ ಉಳಿಯಬೇಕು ಅನ್ನುವುದು ಕರಾರು. ಆದರೆ ಗುಟ್ಟಾಗಿ ಇಳಿಸಿಕೊಂಡ ಇನ್ನೊಂದು ಪ್ರತಿ ಉತ್ತರ ಭಾರತಕ್ಕೆ ಹೋಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲಾ ಅಚ್ಚಾಗಲು ದಾರಿ ತೆರೆದದ್ದು ಆ ಪ್ರತಿಯ ಸಂತತಿಯೇ. ಈ ಕತೆಯಲ್ಲಿ ನಾನು ಎರಡೂ ಕಡೆಯವರ ಪಕ್ಷ. ಗ್ರಂಥ ಹೊರಗೆ ಬರದಿದ್ದರೆ ಅದನ್ನು ಓದುವ ಭಾಗ್ಯ ಯಾರಿಗೂ ಇರುತ್ತಿರಲಿಲ್ಲ. ಹಾಗೆಂದು ಕಾಪಾಡಿಕೊಂಡು ಬಂದವರ ಕಣ್ಣು ತಪ್ಪಿಸಿ ಒಯ್ದದ್ದು ಸರಿ ಅನ್ನಲಾರೆ. ಗುಟ್ಟಿನಲ್ಲಿ ನಡೆದದ್ದನ್ನು ಎಲ್ಲರೆದುರು, ಎಲ್ಲರೂ ಒಪ್ಪಿ ಮಾಡಿಸುವುದೇ ನಿಮ್ಮ ಹುದ್ದೆಯ ಕೆಲಸ.

ಕಾನೂನು ಕೂಡ ನಿಮ್ಮ ಬೆನ್ನಿಗಿದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಅದು ಪುರಾವಸ್ತು. ಅದನ್ನು ದೇಶದಿಂದಾಚೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ನೇಮಿಸಿದವರಿಗೆ ಮಾತ್ರ. ಒಳ್ಳೆಯ ಸಂಸ್ಥೆಗಳು ಮೂಲ ಕೇಳುವುದೂ ಇಲ್ಲ. ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಎಂಡೇಂಜರ್ಡ್ ಆರ್ಕೈವ್ಸ್ ಯೋಜನೆಯಲ್ಲಿ ಮೂಲ ಇದ್ದ ದೇಶದಲ್ಲೇ ಇರಬೇಕು, ಡಿಜಿಟಲ್ ಪ್ರತಿಯೊಂದು ಸ್ಥಳೀಯ ಸಂಸ್ಥೆಗೂ ಸಿಗಬೇಕು ಅನ್ನುವುದೇ ನಿಯಮ. ನಿಮ್ಮ ಕರಡಿನಲ್ಲೂ ಅಷ್ಟು ಬರಲಿ: ಸ್ಕ್ಯಾನಿಂಗ್ ನಿಮ್ಮ ಕಟ್ಟಡದಲ್ಲೇ ನಡೆಯಲಿ, ಪೂರ್ಣ ಗಾತ್ರದ ಡಿಜಿಟಲ್ ಚಿತ್ರಗಳು ಅಂದಂದೇ ನಿಮ್ಮ ಹಾರ್ಡ್ ಡಿಸ್ಕಿಗೂ ಬರಲಿ, ಅವುಗಳನ್ನು ಇಲ್ಲಿಯ ಓದುಗರಿಗೆ ಯಾರನ್ನೂ ಕೇಳದೆ ತೋರಿಸುವ ಹಕ್ಕು ನಿಮಗಿರಲಿ. ಮನೆತನದ ಪತ್ರಗಳ ವಿಷಯ ಬೇರೆ. ಕಾಗದ ನಿಮಗೆ ಕೊಟ್ಟಿರಬಹುದು, ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಪತ್ರದ ಮಾತಿನ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಆ ಕಟ್ಟುಗಳನ್ನು ಮೊದಲ ಹಂತದಲ್ಲಿ ಸೇರಿಸಲೇಬೇಡಿ.

ಇನ್ನು ಮುಖ್ಯ ಮಾತು. ನಿಮ್ಮ ಪತ್ರವನ್ನು ಮತ್ತೆ ಓದಿದೆ. ಏನೇನಿದೆ ಅಂತ ಬರೆದಿದ್ದೀರಿ, ಎಷ್ಟಿದೆ, ಯಾವ ಕಾಲದ್ದು ಅಂತ ಎಲ್ಲೂ ಬರೆದಿಲ್ಲ. ಪಟ್ಟಿ ಇಲ್ಲ ಅಂತ ನನ್ನ ಊಹೆ, ಅಥವಾ ಅದು ಮೇಷ್ಟ್ರ ತಲೆಯಲ್ಲಿದೆ. ಪಟ್ಟಿ ಇಲ್ಲದ ಸಂಗ್ರಹದ ಮೇಲೆ ಒಪ್ಪಂದ ಮಾಡಿದರೆ ಏನು ಕೊಟ್ಟಿರಿ ಅನ್ನುವುದು ನಿಮಗೇ ಗೊತ್ತಾಗುವುದಿಲ್ಲ. ಮೇಷ್ಟ್ರು ಬೀಗದ ಕೈ ಹಿಡಿದುಕೊಂಡಿರುವುದಕ್ಕೂ ಇದೇ ಕಾರಣ ಇರಬಹುದು: ತಾನು ತಿಳಿದದ್ದನ್ನು ಯಾರೂ ಕೇಳಲಿಲ್ಲ, ಕೇಳಿದ್ದು ಬೀಗದ ಕೈ ಮಾತ್ರ.

ಮೈಸೂರಿನ ಓರಿಯೆಂಟಲ್ ಲೈಬ್ರರಿ ಶುರುವಾದದ್ದು 1891ರಲ್ಲಿ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟನ್ನು ಅಲ್ಲಿಯ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲ ಪ್ರಕಟವಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು, ಅದಕ್ಕೆ ಜೆ.ಎಫ್. ಫ್ಲೀಟ್ ಮುನ್ನುಡಿ ಬರೆದರು. ಹೊರಗಿನ ವಿದ್ವಾಂಸರು ಬಂದರು, ನಿಜ. ಆದರೆ ಬಂದದ್ದು ಇಲ್ಲಿ ಒಬ್ಬರು ಕೂತು ಓದಿ, ಇದು ಇಂಥದ್ದು ಅಂತ ಗುರುತಿಸಿದ ಮೇಲೆ. ನಿಮ್ಮ ಮೇಷ್ಟ್ರ ಹುದ್ದೆಗೂ ಅದೇ ಪರಂಪರೆ.

ಆದ್ದರಿಂದ ನಿಮ್ಮ ಮೊದಲ ವಿದ್ವತ್ ಕಾರ್ಯಕ್ರಮ ವಿಚಾರ ಸಂಕಿರಣ ಆಗಬೇಕಿಲ್ಲ, ವಿವರಣಾತ್ಮಕ ಸೂಚಿಯ ಕೆಲಸ ಆಗಲಿ. ಅದಕ್ಕೆ ಮೇಷ್ಟ್ರೇ ಮುಖ್ಯಸ್ಥರು, ಮುಖಪುಟದಲ್ಲಿ ಅವರ ಹೆಸರು. ಸಣ್ಣ ಫೆಲೋಶಿಪ್ಪುಗಳನ್ನು ಇದಕ್ಕೇ ಕೊಡಿ: ಮೋಡಿ ಓದಬಲ್ಲವರೊಬ್ಬರು, ಹಳಗನ್ನಡ ಗೊತ್ತಿರುವವರೊಬ್ಬರು, ಜತೆಗೆ ಕಲಿಯಲು ಇಬ್ಬರು ಎಂ.ಎ. ವಿದ್ಯಾರ್ಥಿಗಳು. ಮೋಡಿ ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ; ಈ ಫೆಲೋಶಿಪ್ ಹತ್ತು ವರ್ಷದ ನಂತರ ಕೊಡಲು ಹೊರಟರೆ ತಗೊಳ್ಳುವವರು ಸಿಗದೇ ಹೋಗಬಹುದು. ಕಡತಗಳನ್ನು ಮುಟ್ಟುವವರು ಯಾರು ಅನ್ನುವುದನ್ನೂ ಮೇಷ್ಟ್ರೇ ತೀರ್ಮಾನಿಸಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಬರೆದ ಆ ಅಕ್ಷರಗಳು ದೂಳು ಹೊಡೆಯುವ ಬಟ್ಟೆಯ ಒಂದೇ ಒರಸಿಗೆ ಅಳಿಸಿಹೋಗುತ್ತವೆ. ಸ್ಕ್ಯಾನ್ ಮಾಡಲು ಬರುವ ತಂಡಕ್ಕೆ ಇದು ಗೊತ್ತಿರುತ್ತದೆ ಅಂತ ಭಾವಿಸಬೇಡಿ.

ಸಹಯೋಗಕ್ಕೆ ಕಡಲು ದಾಟುವ ಮೊದಲು ಬಳ್ಳಾರಿ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ನಿಮ್ಮ ಮಗ್ಗುಲಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ. ಅದರ ಆವರಣದೊಳಗಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಲ್ಲಿ 2019ರಿಂದ ಸಾರ್ವಜನಿಕ ಆರ್ಕೈವ್ಸ್ ಇದೆ. ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ ಕಾಗದಪತ್ರ, ಸಂದರ್ಶನಗಳನ್ನು ಕೂಡಿಡುತ್ತಾರೆ, ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕೊಡುತ್ತಾರೆ, ಉಪನ್ಯಾಸ ನಡೆಸುತ್ತಾರೆ. ಕಾಗದವನ್ನು ಯಾವ ಪೆಟ್ಟಿಗೆಯಲ್ಲಿಡಬೇಕು, ದಾನಪತ್ರದಲ್ಲಿ ಏನು ಬರೆಸಿಕೊಳ್ಳಬೇಕು ಅನ್ನುವುದನ್ನು ವಿದೇಶದಿಂದ ಕಲಿಯಬೇಕಿಲ್ಲ, ಹೋಗಿ ಕೇಳಿ. ಇತ್ತ ಹೆಬ್ಬಾಳದಲ್ಲಿ 2018ರಲ್ಲಿ ಕಿತ್ತಯ್ಯನ ವೀರಗಲ್ಲು ಸಿಕ್ಕಿತು, ಗಂಗ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಆಸುಪಾಸು. ನಗರದ ಹೆಸರು ಹೇಳಿ ಹೆಮ್ಮೆಪಡುವವರಿಗೆ ಗೊತ್ತಿಲ್ಲದ ಹಳೆಯ ಊರೊಂದು ಆ ಕಲ್ಲಿನಲ್ಲಿ ಮಾತಾಡಿತು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದೆ. ಕಲ್ಲು ಎಲ್ಲಿದೆ ಅಂತ ತೋರಿಸುವವರು ಊರಿನ ಜನ. ನನ್ನ ಮಟ್ಟಿಗೆ ಸಹಯೋಗ ಅಂದರೆ ಇದು.

ನಿಮಗೂ ಅಂಥ ಜನ ಇದ್ದಾರೆ. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡಿದ ಮೇಲೂ ಶಾನುಭೋಗರ ಮನೆಗಳಲ್ಲಿ ಲೆಕ್ಕದ ಪುಸ್ತಕಗಳು ಉಳಿದವು. ಯಲಹಂಕ, ಜಕ್ಕೂರು, ಕೊಡಿಗೇಹಳ್ಳಿ ಕಡೆ ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಿಸುವಾಗ ಅಂಥ ಪುಸ್ತಕ ಗುಜರಿ ಗಾಡಿ ಹತ್ತುವುದು ಸುಲಭ. ಕೆರೆಯ ತೂಬಿಗೆ ಯಾರು ಹೊಣೆ, ಯಾವ ಹೊಲಕ್ಕೆ ಎಷ್ಟು ನೀರು ಅನ್ನುವುದು ಸಿಗುವುದು ಅಂಥದ್ದರಲ್ಲೇ. ಆ ಮನೆಯವರನ್ನು ಕರೆದು ಒಂದು ಭಾನುವಾರ ಗ್ರಂಥಾಲಯ ತೋರಿಸಿ. ಓದುವ ಕೋಣೆಗೆ ಜನ ಬರುವುದೂ ಅಲ್ಲಿಂದಲೇ ಶುರುವಾದೀತು.

ಟ್ರಸ್ಟಿಗಳಿಗೆ ಇಲ್ಲ ಅನ್ನಬೇಡಿ, ಕ್ರಮ ಬದಲಿಸಿ ಕೊಡಿ. ಈ ವರ್ಷ ಓಲೆಗರಿಗಳ ಸೂಚಿ, ಅದರ ಬಿಡುಗಡೆಗೆ ಒಂದು ದಿನದ ಗೋಷ್ಠಿ, ಕನ್ನಡದಲ್ಲಿ. ವಿದೇಶದವರಿಗೆ ಈಗಲೇ ಬರೆಯಿರಿ: ಇಂಥ ಒಂದು ಕಟ್ಟಿನ ಸೂಚಿ ಮುಗಿದ ಕೂಡಲೇ ಅದನ್ನೇ ಮೊದಲ ಪ್ರಯೋಗವಾಗಿ ಸ್ಕ್ಯಾನ್ ಮಾಡೋಣ, ಅದಕ್ಕೆ ಮೊದಲು ನಿಮ್ಮವರೊಬ್ಬರು ಬಂದು ಒಂದು ತಿಂಗಳು ನಮ್ಮ ಕೋಣೆಯಲ್ಲಿ ಕೂತು ಓದಲಿ. ನಿಜವಾಗಿ ಆಸಕ್ತಿ ಇದ್ದವರು ಬಂದೇ ಬರುತ್ತಾರೆ. ಅವರು ದುಡ್ಡು ಕೊಡುವ ಮಾತೆತ್ತಿದರೆ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನಿಮ್ಮ ಟ್ರಸ್ಟಿಗೆ ನೋಂದಣಿ ಇದೆಯೇ, ಅದು ಚಾಲ್ತಿಯಲ್ಲಿದೆಯೇ ಅಂತ ಆಡಿಟರನ್ನು ಕೇಳಿ. ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದೆ ಒಂದು ರೂಪಾಯಿಯೂ ಖಾತೆಗೆ ಬರುವಂತಿಲ್ಲ. ಅದು ಇಲ್ಲದಿದ್ದರೆ ಅರ್ಜಿಗೆ ಹಿಡಿಯುವ ಸಮಯವೂ ಸೂಚಿ ಮುಗಿಸುವ ಸಮಯವೂ ಹೆಚ್ಚುಕಡಿಮೆ ಜತೆಯಲ್ಲೇ ಸಾಗಬಹುದು. ಟ್ರಸ್ಟಿಗಳ ಮುಂದಿನ ಸಭೆಗೆ ಹೋಗುವಾಗ ಎರಡರ ಗಡುವನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ.