ಮನಸ್ಸಿನಲ್ಲಿ ಮುರಿದು ಉಳಿದ ಮುಳ್ಳು: ಕಣ್ಣಿನ ಚಲನೆಯ ಚಿಕಿತ್ಸೆ

ಬಳ್ಳಾರಿ ಜಾಲಿಯ ಮುಳ್ಳು ಕಾಲಿಗೆ ಚುಚ್ಚಿ ತುದಿ ಒಳಗೇ ಮುರಿದರೆ ಏನಾಗುತ್ತದೆಂದು ನಮ್ಮ ಹಿಂದೂಪುರ, ಕಲ್ಯಾಣದುರ್ಗ ಕಡೆಯ ರೈತರಿಗೆ ಹೇಳಬೇಕಾಗಿಲ್ಲ. ಮೇಲೆ ಚರ್ಮ ಕೂಡಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ತಿಂಗಳುಗಳ ಮೇಲೂ ಕಾಲೂರಿದಾಗ ಜೀವ ಹೋದಂತಾಗುತ್ತದೆ. ಕೆಲವು ನೆನಪುಗಳೂ ಹೀಗೆಯೇ ಒಳಗೆ ಉಳಿದುಬಿಡುತ್ತವೆ.

2012ರ ಮೇ 22ರ ನಸುಕಿನಲ್ಲಿ ಪೆನುಕೊಂಡದ ಬಳಿ ಹಂಪಿ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ರೈಲಿಗೆ ಡಿಕ್ಕಿ ಹೊಡೆದು ಸುಮಾರು 25 ಮಂದಿ ಸತ್ತರು. ಮರುವರ್ಷ ಡಿಸೆಂಬರ್ 28ರಂದು ಕೊತ್ತಚೆರುವಿನ ಬಳಿ ನಾಂದೇಡ್ ಎಕ್ಸ್‌ಪ್ರೆಸ್‌ನ ಬೋಗಿಗೆ ಬೆಂಕಿ ಬಿದ್ದು 26 ಮಂದಿ ಪ್ರಾಣ ಕಳೆದುಕೊಂಡರು. ಇಂಥದ್ದನ್ನು ಕಣ್ಣಾರೆ ಕಂಡವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರು ಮಾತ್ರ ಅಲ್ಲೇ ನಿಂತುಬಿಡುತ್ತಾರೆ. ರೈಲಿನ ಕೂಗು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ, ಅದೇ ಕನಸು ಮತ್ತೆ ಮತ್ತೆ ಬೀಳುತ್ತದೆ, ನಿಲ್ದಾಣದ ದಾರಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾರೆ. ಇದಕ್ಕೆ ರೈಲೇ ಬೇಕೆಂದಿಲ್ಲ. ಬೆಳೆ ಹೋಗಿ, ಸಾಲ ಬೆಳೆದು, ಗಂಡ ಕೀಟನಾಶಕ ಕುಡಿದದ್ದನ್ನು ಕಂಡ ಹೆಂಗಸಿಗೆ ಪಕ್ಕದ ಹೊಲದಲ್ಲಿ ಕಡಲೆಕಾಯಿಗೆ ಔಷಧಿ ಹೊಡೆಯುವ ವಾಸನೆಯೇ ಸಾಕು, ಆ ದಿನ ಕಣ್ಣೆದುರು ಬಂದು ನಿಲ್ಲುತ್ತದೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ನಂಬಿಕೆ ಸಾಲದು ಎಂದು ಗದರುವವರೂ ಇದ್ದಾರೆ. ಎರಡೂ ತಪ್ಪು. ಇದೊಂದು ಗಾಯ. ಒಂದು ತಿಂಗಳು ಕಳೆದರೂ ಮಾಯದಿದ್ದರೆ ಚಿಕಿತ್ಸೆ ಬೇಕು.

ಅಂಥ ಚಿಕಿತ್ಸೆಗಳಲ್ಲಿ ಒಂದು ಕಣ್ಣಿನ ಚಲನೆಯದು, ವೈದ್ಯರು ಇ.ಎಂ.ಡಿ.ಆರ್. ಎನ್ನುತ್ತಾರೆ. ಅಮೆರಿಕದ ಫ್ರಾನ್ಸಿನ್ ಶಪಿರೋ ಎಂಬಾಕೆ 1987ರಲ್ಲಿ ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿತ್ತ ಬೇಗ ಬೇಗ ಓಡಿದ ಮೇಲೆ ತಮ್ಮನ್ನು ಕಾಡುತ್ತಿದ್ದ ಯೋಚನೆಯ ಕಾವು ತಗ್ಗಿದ್ದನ್ನು ಗಮನಿಸಿದರು. ಅದನ್ನೇ ಕ್ರಮಬದ್ಧ ಚಿಕಿತ್ಸೆಯಾಗಿ ಬೆಳೆಸಿ 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. 2001ರ ಗುಜರಾತ್ ಭೂಕಂಪದ ನಂತರ ನಮ್ಮ ದೇಶದಲ್ಲೂ ಇದನ್ನು ಬಳಸಿದರು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಆಘಾತದ ನೆನಪಿನಿಂದ ನರಳುವವರಿಗೆ ಸೂಚಿಸಿದ ಚಿಕಿತ್ಸೆಗಳಲ್ಲಿ ಇದೂ ಸೇರಿದೆ.

ನಡೆಯುವ ರೀತಿ ಹೀಗೆ. ಮೊದಲ ಭೇಟಿಯಲ್ಲೇ ಕಣ್ಣಾಡಿಸಲು ಹೇಳುವುದಿಲ್ಲ. ಚಿಕಿತ್ಸಕರು ಹಿನ್ನೆಲೆ ಕೇಳಿಕೊಂಡು, ಮನಸ್ಸು ಕಲಕಿದಾಗ ಮರಳಿ ನೆಲೆ ನಿಲ್ಲುವ ಉಪಾಯಗಳನ್ನು ಕಲಿಸುತ್ತಾರೆ: ನಿಧಾನ ಉಸಿರಾಟ, ನೆಮ್ಮದಿ ಕೊಡುವ ಒಂದು ಜಾಗವನ್ನು ಮನಸ್ಸಿನಲ್ಲಿ ನೋಡುವುದು. ಅದು ಹುಣಸೆಮರದ ನೆರಳಾದರೂ ಸರಿ, ದೇವಾಲಯದ ಮೂಲೆಯಾದರೂ ಸರಿ. ಬಳಿಕ ಅತಿ ಹೆಚ್ಚು ಕಾಡುವ ದೃಶ್ಯ ಯಾವುದು, ಅದರೊಡನೆ ತನ್ನ ಬಗ್ಗೆ ಏಳುವ ಮಾತು ಯಾವುದು, ಮೈಯಲ್ಲಿ ಎಲ್ಲಿ ಹಿಡಿದಂತಾಗುತ್ತದೆ ಎಂದು ಕೇಳುತ್ತಾರೆ. ಸಂಕಟ ಎಷ್ಟೆಂದು ಸೊನ್ನೆಯಿಂದ 10ರೊಳಗೆ ಹೇಳಬೇಕು. ಆಮೇಲೆ ಆ ದೃಶ್ಯವನ್ನು ನೆನಪಿನಲ್ಲಿ ಹಿಡಿದುಕೊಂಡೇ ಚಿಕಿತ್ಸಕರ ಬೆರಳು ಎಡಕ್ಕೂ ಬಲಕ್ಕೂ ಹೋದಂತೆ ಕಣ್ಣನ್ನು ಓಡಿಸಬೇಕು. ಚಂದ್ರಿಕೆಗೆ ಬಿಟ್ಟ ಹಣ್ಣುಹುಳು ತಲೆಯಾಡಿಸುವುದನ್ನು ಕಂಡ ರೇಷ್ಮೆ ಬೆಳೆಗಾರರಿಗೆ ಇದು ವಿಚಿತ್ರವೆನಿಸದು! ಅರ್ಧ ನಿಮಿಷದಷ್ಟು ಹೊತ್ತು ಹೀಗೆ ಮಾಡಿ ನಿಲ್ಲಿಸಿ, "ಈಗ ಏನು ತೋಚುತ್ತಿದೆ?" ಎನ್ನುತ್ತಾರೆ. ಹೇಳಿದ್ದನ್ನು ತಿದ್ದುವುದಿಲ್ಲ, ವಾದಿಸುವುದಿಲ್ಲ, ಮತ್ತೆ ಕಣ್ಣಿನ ಚಲನೆ. ಕಣ್ಣಿಗೆ ಕಷ್ಟವಾದರೆ ಎರಡು ಅಂಗೈಗಳನ್ನು ಒಂದಾದ ಮೇಲೊಂದರಂತೆ ತಟ್ಟುವುದೂ ಉಂಟು. ಒಂದು ಭೇಟಿ ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಒಂದೇ ಅಪಘಾತದ ನೆನಪಾದರೆ ಕೆಲವೇ ಭೇಟಿಗಳು ಸಾಕಾಗಬಹುದು, ಬಾಲ್ಯದಿಂದ ಬಂದ ನೋವಿಗೆ ಹೆಚ್ಚು ಕಾಲ ಬೇಕು.

ನೆನಪು ಅಳಿಸಿಹೋಗುವುದಿಲ್ಲ, ಅದರ ವಿಷ ಇಳಿಯುತ್ತದೆ. ಏಕೆ? ಒಂದೇ ಹೊತ್ತಿನಲ್ಲಿ ದೃಶ್ಯವನ್ನೂ ಹಿಡಿದು ಬೆರಳನ್ನೂ ಹಿಂಬಾಲಿಸಲು ಮನಸ್ಸಿಗೆ ಪೂರ್ತಿ ಜಾಗ ಸಾಲದೆ ದೃಶ್ಯ ಮಸುಕಾಗುತ್ತದೆಂದು ಒಂದು ವಿವರಣೆ. ಕಣ್ಣಿನ ಚಲನೆಯೇ ಮುಖ್ಯವೋ, ಸುರಕ್ಷಿತವಾಗಿ ನೆನಪನ್ನು ಎದುರಿಸುವುದೇ ಮುಖ್ಯವೋ ಎಂದು ವಿದ್ವಾಂಸರಲ್ಲಿ ಇನ್ನೂ ವಾದವಿದೆ. ಗುಣವಾಗುವವರಿಗೆ ಆ ವಾದದ ತೀರ್ಪಿನವರೆಗೆ ಕಾಯುವ ಅಗತ್ಯವಿಲ್ಲವೆಂದು ನಾವು ಭಾವಿಸುತ್ತೇವೆ.

ನಮ್ಮ ಹಳ್ಳಿಗಳಿಗೆ ಇದು ಹೊಂದುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿ ನಡೆದದ್ದನ್ನು ಆದ್ಯಂತ ಬಿಡಿಸಿ ಹೇಳಬೇಕಾಗಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆಂದು ಹತ್ತಾರು ವರ್ಷ ನುಂಗಿಕೊಂಡ ಹೆಣ್ಣುಮಕ್ಕಳು ಎಷ್ಟೋ ಮಂದಿ. ಅವರಿಗೆ ಇದು ದೊಡ್ಡ ಆಸರೆ.

"ಆ ದಿನ ನಾನು ಮನೆಯಲ್ಲೇ ಇದ್ದಿದ್ದರೆ" ಎಂದು ಅದನ್ನೇ ಪಾಪನಿವೇದನೆಯಲ್ಲಿ ಮರಳಿ ಮರಳಿ ಹೇಳುವವರೂ ಇದ್ದಾರೆ. ಮಾಡದ ಪಾಪಕ್ಕೆ ಕ್ಷಮೆ ಸಿಕ್ಕರೂ ಮನಸ್ಸು ಹಗುರವಾಗದು. ಪ್ರಾರ್ಥನೆ, ಜಪಸರ ನಡೆಯಲಿ, ಗುರುಗಳಲ್ಲಿ ಮಾತಾಡಿ. ಜೊತೆಗೆ ವೈದ್ಯರನ್ನೂ ಕಾಣಿ.

ಎಚ್ಚರಿಕೆಯ ಮಾತೊಂದು. ಇದನ್ನು ಓದಿ ಮನೆಯಲ್ಲಿ ಬೆರಳಾಡಿಸಿ ಪ್ರಯೋಗ ಮಾಡಬೇಡಿ. ನೆನಪು ಕೆರಳಿದರೆ ತಡೆಯಲು ತರಬೇತಿ ಪಡೆದವರೇ ಬೇಕು. ಮೂರ್ಛೆರೋಗ, ಕಣ್ಣಿನ ತೊಂದರೆ, ಗರ್ಭ, ಸಾಯುವ ಯೋಚನೆ ಇದ್ದರೆ ಮೊದಲೇ ತಿಳಿಸಬೇಕು. ಹೊಸ ಆಘಾತವಾದವರನ್ನು ಮಾತಾಡು ಮಾತಾಡು ಎಂದು ಪೀಡಿಸಬೇಡಿ. ಊಟ ಹಾಕಿ, ಪಕ್ಕದಲ್ಲಿರಿ, ಸಾರಾಯಿಯನ್ನೂ ಅಂಗಡಿಯ ನಿದ್ದೆಮಾತ್ರೆಯನ್ನೂ ದೂರವಿಡಿ. ಮನೆಯಲ್ಲಿ ಕೀಟನಾಶಕದ ಡಬ್ಬಿ ಇದ್ದರೆ ಬೀಗ ಹಾಕಿ.

ಎಲ್ಲಿ ಹೋಗುವುದು? ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲೇ ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕ ಮನೋಚಿಕಿತ್ಸೆ ಕೊಟ್ಟು ತೋರಿಸಿದರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದ್ದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್ ಹಿಂದೂಪುರಕ್ಕೆ ದೂರವಲ್ಲ. ಇ.ಎಂ.ಡಿ.ಆರ್. ಕಲಿತವರು ಎಲ್ಲೆಡೆ ಸಿಗುವುದಿಲ್ಲ, ಇದಕ್ಕೆ ಸಮನಾದ ಮಾತಿನ ಚಿಕಿತ್ಸೆಗಳೂ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಆಂಧ್ರದಲ್ಲಿದ್ದೇವೆಂದು ಸಂಕೋಚ ಬೇಡ, ದುಃಖ ಯಾವ ಭಾಷೆಯಲ್ಲಿದೆಯೋ ಆ ಭಾಷೆಯನ್ನೇ ಕೇಳಿ. ಚಿಕಿತ್ಸೆಗೆ ಹೋಗುವಾಗ ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಮನೆಗೆ ಮರಳಲು ಜೊತೆಗೊಬ್ಬರು ಇರಲಿ; ಮೊದಲ ಒಂದೆರಡು ರಾತ್ರಿ ಕನಸು ಹೆಚ್ಚಬಹುದು.