‘ಚೆನ್ನಾಗಿ ನೋಡ್ಕೋ’ ಎಂದರೆ ಸಾಲದು: ಕೊಟ್ಟಿಗೆಯ ಕೆಲಸಕ್ಕೆ ಸ್ಪಷ್ಟ ನಿಯಮ

ಕೆಚ್ಚಲು ಬಾವು ಎಂದು ಕರೆ ಬಂದು ಕೊಟ್ಟಿಗೆಗೆ ಹೋದಾಗ, ಹಸುವನ್ನು ಮುಟ್ಟುವ ಮೊದಲು ನಾನು ಕೇಳುವ ಪ್ರಶ್ನೆ ಒಂದಿದೆ: ನಿನ್ನೆ ಸಂಜೆ ಹಾಲು ಕರೆದವರು ಯಾರು? ಉತ್ತರ ಸುಲಭಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ನಾನು ಡಾಕ್ಟ್ರೇ, ಸಂಜೆ ನಮ್ಮ ಮನೆಯವರು. ನಿನ್ನೆ ಮಾತ್ರ ಮದುವೆಗೆ ಹೋಗಿದ್ವಿ, ಕೆಲಸದ ಹುಡುಗ ಕರೆದ. ಕೆಚ್ಚಲು ಗಟ್ಟಿಯಾಗಿದ್ದನ್ನು ಅತ್ತೆ ಮೊನ್ನೆಯೇ ನೋಡಿದ್ರಂತೆ, ಹೇಳಿರಲಿಲ್ಲ.

ಎರಡೇ ಹಸು ಇರುವ ಮನೆಯಲ್ಲೂ ಹೀಗೆ ನಾಲ್ಕು ಜನರ ಕೈ ಇರುತ್ತದೆ. ಅದೂ ಒಂದು ತಂಡವೇ. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆ, ಹಾಲಿನ ಬಟವಾಡೆ ನಿಮ್ಮ ಖಾತೆಗೆ ಬರುತ್ತದೆ. ಹಾಗಾಗಿ ಯಾವ ಕೆಲಸ ಹೇಗೆ ಆಗಬೇಕೆಂದು ಹೇಳಬೇಕಾದವರೂ ನೀವೇ.

ಹೇಳುತ್ತೀರಿ ಕೂಡ. ‘ಚೆನ್ನಾಗಿ ನೋಡ್ಕೋ’, ‘ಕ್ಲೀನಾಗಿ ಕರಿ’. ತೊಂದರೆ ಇರುವುದೇ ಇಲ್ಲಿ. ಕೆಲಸದ ಹುಡುಗನಿಗೆ ಕ್ಲೀನು ಎಂದರೆ ಕೆಚ್ಚಲಿಗೆ ಒಂದು ಬಕೆಟ್ ನೀರು ಎರಚುವುದು. ಅವನು ಎರಚುತ್ತಾನೆ. ಮೈಮೇಲಿನ ಸೆಗಣಿಯನ್ನೆಲ್ಲ ತೊಳೆದುಕೊಂಡು ಇಳಿಯುವ ಆ ನೀರು ಮೊಲೆತೊಟ್ಟಿನ ತುದಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಹಾಲಿನ ಪಾತ್ರೆಗೆ ತೊಟ್ಟಿಕ್ಕುತ್ತದೆ. ಅವನು ಸೋಮಾರಿಯಲ್ಲ, ನೀವು ಹೇಳಿದ್ದನ್ನೇ ಮಾಡಿದ್ದಾನೆ. ಇಬ್ಬರು ನಿಂತು ನೋಡಿದರೆ ಇಬ್ಬರೂ ‘ಆಗಿದೆ’ ಅಥವಾ ‘ಆಗಿಲ್ಲ’ ಎಂದು ಒಂದೇ ಉತ್ತರ ಕೊಡುವಂತಿದ್ದರೆ ಮಾತ್ರ ಅದು ನಿಯಮ.

ಹಾಲು ಕರೆಯುವುದನ್ನೇ ತೆಗೆದುಕೊಳ್ಳಿ. ಕೈಯನ್ನು ಸೋಪು ಹಾಕಿ ತೊಳೆಯಬೇಕು. ತೊಟ್ಟುಗಳನ್ನಷ್ಟೇ ತೊಳೆದು ಒಣಬಟ್ಟೆಯಿಂದ ಒರೆಸಬೇಕು, ಒಂದು ಹಸುವಿನ ಬಟ್ಟೆ ಇನ್ನೊಂದಕ್ಕೆ ಬೇಡ. ಪ್ರತಿ ತೊಟ್ಟಿನ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ನೋಡಬೇಕು. ಗರಣೆ, ನೀರಿನಂತಹ ಹಾಲು ಅಥವಾ ರಕ್ತ ಕಂಡರೆ ಅದು ಕ್ಯಾನಿಗೆ ಹೋಗಬಾರದು, ಆ ಹಸುವನ್ನು ಕೊನೆಗೆ ಕರೆಯಬೇಕು. ಹೆಬ್ಬೆಟ್ಟು ಮಡಚಿ ಎಳೆಯದೆ ಪೂರ್ತಿ ಮುಷ್ಟಿಯಲ್ಲಿ ಕರೆಯಬೇಕು. ಹಸು ಹಾಲು ಇಳಿಸಿದ ಮೇಲೆ ಐದರಿಂದ ಏಳು ನಿಮಿಷದೊಳಗೆ ಮುಗಿಸಬೇಕು, ಮಧ್ಯೆ ಫೋನು ಬೇಡ. ಕರೆದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಬೇಕು. ಈ ಮೇವು ಏಕೆಂದು ಕೆಲಸದವರಿಗೆ ಬಿಡಿಸಿ ಹೇಳಿ: ಕರೆದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ತೊಟ್ಟಿನ ಬಾಯಿ ತೆರೆದಿರುತ್ತದೆ. ಹಸು ಆಗಲೇ ಮಲಗಿದರೆ ನೆಲದ ಕೊಳಕು ನೇರ ಒಳಗೆ ಹೋಗುತ್ತದೆ. ಕಾರಣ ಗೊತ್ತಿರುವವರು ನೀವಿಲ್ಲದ ದಿನವೂ ಮೇವು ಹಾಕುತ್ತಾರೆ.

ಒಂದು ವಿಷಯ ನೇರವಾಗಿಯೇ ಹೇಳುತ್ತೇನೆ. ಬೇರೆ ಬೇರೆ ಬಟ್ಟೆ ಬಳಸು ಎಂದು ಹೇಳಿ ಮನೆಯಲ್ಲಿ ಒಂದೇ ಹಳೇ ಟವೆಲ್ ಕೊಟ್ಟಿದ್ದರೆ ಆ ನಿಯಮಕ್ಕೆ ಬೆಲೆಯಿಲ್ಲ. ನೀವೇ ಅವಸರದ ದಿನ ಕಪ್ಪು ತಟ್ಟೆ ಬಿಟ್ಟರೆ ಮರುದಿನದಿಂದ ಎಲ್ಲರೂ ಬಿಡುತ್ತಾರೆ.

ಇನ್ನು ಯಾವ ಕಾರಣಕ್ಕೂ ಸಡಿಲಿಸಬಾರದ ನಿಯಮ ಔಷಧಿ ಹಾಲಿನದು. ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಎಷ್ಟು ಹೊತ್ತು ಡೇರಿಗೆ ಹಾಕಬಾರದು ಎಂಬುದು ಒಂದೊಂದು ಔಷಧಿಗೆ ಒಂದೊಂದು ರೀತಿ. ಅದನ್ನು ಔಷಧಿಯ ಲೇಬಲ್‌ನಲ್ಲಿ ಮುದ್ರಿಸಿರುತ್ತಾರೆ. ಇಂಜೆಕ್ಷನ್ ಕೊಟ್ಟು ನಾನು ಬೈಕ್ ಹತ್ತುವ ಮೊದಲೇ ‘ಯಾವತ್ತಿನ ಯಾವ ಹೊತ್ತಿನಿಂದ ಹಾಕಬಹುದು’ ಎಂದು ಕೇಳಿ, ಬರೆಸಿಕೊಳ್ಳಿ. ಇದು ನೀವು ವೈದ್ಯರಿಗೆ ಹಾಕುವ ನಿಯಮ. ಒಂದೇ ಮೊಲೆಗೆ ಟ್ಯೂಬು ಏರಿಸಿದರೂ ನಾಲ್ಕೂ ಮೊಲೆಯ ಹಾಲನ್ನು ತಡೆಯಬೇಕು, ಏಕೆಂದರೆ ಔಷಧಿ ರಕ್ತದ ಮೂಲಕ ಉಳಿದ ಮೊಲೆಗಳಿಗೂ ಹೋಗುತ್ತದೆ. ಈ ತಪ್ಪು ಕಲ್ಪನೆ ನಮ್ಮಲ್ಲಿ ಬಹಳ ಇದೆ. ಅವಧಿ ಮುಗಿಯುವವರೆಗೆ ಹಸುವಿನ ಕಾಲಿಗೆ ಕೆಂಪು ಬಟ್ಟೆ ಕಟ್ಟಿ. ಓದಲು ಬಾರದವರಿಗೂ, ಒಂದೇ ದಿನಕ್ಕೆ ಕರೆಯಲು ಬಂದ ನೆಂಟರಿಗೂ ಅದು ಅರ್ಥವಾಗುತ್ತದೆ: ಕೆಂಪು ಇದ್ದರೆ ಬೇರೆ ಪಾತ್ರೆ.

ಆ ಹಾಲು ಒಂದು ಸಲ ಕ್ಯಾನು ಸೇರಿದರೆ ಅಲ್ಲಿಂದ ಬಿಎಂಸಿಗೆ ಹೋಗಿ ಊರಿನ ಹಾಲಿನೊಂದಿಗೆ ಬೆರೆಯುತ್ತದೆ. ಕಾಯಿಸಿದರೆ ಔಷಧಿಯ ಅಂಶ ಹೋಗುತ್ತದೆ ಎಂದು ನಂಬಬೇಡಿ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗುವುದಿಲ್ಲ. ಕುಡಿಯುವವರಲ್ಲಿ ಮಕ್ಕಳೂ ಇರುತ್ತಾರೆ.

ಕೈತಪ್ಪಿ ಔಷಧಿ ಹಾಲು ಕ್ಯಾನಿಗೆ ಬಿದ್ದುಹೋಯಿತು ಎಂದುಕೊಳ್ಳಿ. ಹುಡುಗ ಬಂದು ‘ಅಕ್ಕ, ಹೀಗಾಯ್ತು’ ಎನ್ನುತ್ತಾನೆ. ನೀವು ಬೈದು ಆ ದಿನದ ಕೂಲಿ ಹಿಡಿದರೆ, ಮುಂದಿನ ಸಲವೂ ಹಾಲು ಬೀಳಬಹುದು, ಆದರೆ ಅವನು ಹೇಳುವುದಿಲ್ಲ. ಆದ್ದರಿಂದ ತಪ್ಪನ್ನು ಕೂಡಲೇ ಹೇಳಿದವರಿಗೆ ಬೈಗುಳವಿಲ್ಲ ಎಂಬುದೂ ನಿಮ್ಮ ನಿಯಮಗಳಲ್ಲಿ ಇರಲಿ. ಮುಚ್ಚಿಟ್ಟರೆ ಮಾತ್ರ ಕಠಿಣವಾಗಿರಿ. ಒಂದು ಕ್ಯಾನು ಚೆಲ್ಲಿದರೆ ನಿಮ್ಮ ಒಂದು ಹೊತ್ತಿನ ಹಾಲಷ್ಟೇ ನಷ್ಟ.

ಕೂಲಿಯವರಿಗೆ ಹೇಳಬಹುದು ಡಾಕ್ಟ್ರೇ, ಅತ್ತೆಗೆ ಹೇಗೆ ಹೇಳೋದು ಎಂದು ತರಬೇತಿಗಳಲ್ಲಿ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷದಿಂದ ಕರೆದ ಕೈಗೆ ಸೊಸೆ ಪಾಠ ಹೇಳಿದರೆ ಮನೆಯಲ್ಲಿ ಹಾಲು ಒಡೆಯುತ್ತದೆ. ಬೇಕಿದ್ದರೆ ‘ಡಾಕ್ಟ್ರು ಹೇಳಿದ್ದಾರೆ’ ಎನ್ನಿ, ನನ್ನ ಅಭ್ಯಂತರವಿಲ್ಲ. ಅದಕ್ಕಿಂತ ಒಳ್ಳೆಯದು ಕಪ್ಪು ತಟ್ಟೆಯನ್ನು ಅವರ ಕೈಗೇ ಕೊಡುವುದು. ಗರಣೆಯನ್ನು ಕಣ್ಣಾರೆ ಕಂಡವರಿಗೆ ಬೇರೆ ಮಾತು ಬೇಕಿಲ್ಲ.

ಬೆದೆ ಗುರುತಿಸುವುದರಲ್ಲಂತೂ ಹಿರಿಯರನ್ನು ಮೀರಿಸುವವರಿಲ್ಲ. ಅಲ್ಲಿ ಕೊರತೆ ಕಣ್ಣಿನದಲ್ಲ, ತಿಳಿಸುವುದರದು. ಬೆಳಿಗ್ಗೆ ಲೋಳೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ನೋಡಿದವರು ಸಂಜೆಯ ಕಾಫಿ ಹೊತ್ತಿಗೆ ನೆನಪಿಸಿಕೊಂಡು, ನೀವು ಫೋನ್ ಮಾಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ನಿಮ್ಮ ಮೇಲೇ. ಹಾಗಾಗಿ ಯಾರು ನೋಡಿದರೂ ಕೊಟ್ಟಿಗೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುರುತು ಹಾಕಿ, ಆಗಲೇ ನಿಮಗೆ ಹೇಳಬೇಕು. ಬೆಳಿಗ್ಗೆಗೆ ಒಂದು ಗೆರೆ, ಸಂಜೆಗೆ ಎರಡು ಗೆರೆ ಸಾಕು.

ಎಲ್ಲವನ್ನೂ ಒಂದೇ ವಾರದಲ್ಲಿ ತರಲು ಹೋಗಬೇಡಿ. ಕೆಂಪು ಬಟ್ಟೆ ಮತ್ತು ಕಪ್ಪು ತಟ್ಟೆಯಿಂದ ಶುರು ಮಾಡಿ, ಹದಿನೈದು ದಿನ ನೀವೇ ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಇನ್ನೊಂದು ಸೇರಿಸಿ.

ಮಹಿಳಾ ಸಂಘಗಳ ಅಧ್ಯಕ್ಷೆಯರಿಗೂ ನಿರ್ದೇಶಕಿಯರಿಗೂ ಒಂದು ಮಾತು. ಹಾಲು ತೆಗೆದುಕೊಳ್ಳುವುದು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂಬುದನ್ನು ಸಂಘದ ಗೋಡೆಯ ಮೇಲೆ ಬರೆಸಿ. ಬೇಸಿಗೆಯಲ್ಲಿ ತಂಪಾಗದೆ ಕುಳಿತ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ತಡವಾಗಿ ಬಂದ ಹಾಲನ್ನು ವಾಪಸ್ ಕಳಿಸಲು ಕಾರ್ಯದರ್ಶಿಗೂ ಪರೀಕ್ಷಕಿಗೂ ಮುಂಚಿತವಾಗಿಯೇ ಅಧಿಕಾರ ಕೊಟ್ಟು, ಅದನ್ನು ಸಭೆಯಲ್ಲಿ ಎಲ್ಲರ ಎದುರು ಹೇಳಿ. ಅಧ್ಯಕ್ಷೆಯ ಮನೆಯ ಕ್ಯಾನಿಗೂ ಇದು ಅನ್ವಯಿಸುತ್ತದೆ ಎಂದು ಅದೇ ಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಬರೆಸಿ.