ಚಳಿಗಾಲದ ಸಂಜೆ: ಮೊಬೈಲ್ ಬದಲು ಚೌಕಾಬಾರ

ಪಾಲಕರೇ, ಮಾರ್ಗಶಿರ, ಪುಷ್ಯ ಮಾಸದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊತ್ತು ಬೇಗ ಮುಳುಗುತ್ತದೆ. ಮಕ್ಕಳು ಥಂಡಿಯಲ್ಲಿ ಹೊರಗೆ ಹೋಗಬಾರದೆಂದು ಕೈಗೆ ಮೊಬೈಲ್ ಕೊಟ್ಟು ಕೂಡಿಸುತ್ತೇವೆ. ಎರಡು ವರ್ಷ ತುಂಬದ ಮಗುವಿಗೆ ಮೊಬೈಲ್, ಟಿ.ವಿ. ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ನೀಡಿದೆ.

ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಯ ಚೌಕಾಬಾರ ಬರೆಯಿರಿ. ನಾಲ್ಕು ಹುಣಸೆ ಬೀಜಗಳ ಒಂದು ಮಗ್ಗುಲನ್ನು ಬಿಳಿಯಾಗುವಂತೆ ಉಜ್ಜಿರಿ. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಉಳಿದ ನಿಯಮ ಅಜ್ಜಿಯನ್ನು ಕೇಳಿರಿ. ಅದು ಊರಿಗೊಂದು ತರಹ ಇರುತ್ತದೆ! ಮಗು ಎಣಿಸುವುದನ್ನು ತಾನಾಗಿ ಕಲಿಯುತ್ತದೆ.

ಆದರೆ ಪಕ್ಕದಲ್ಲಿ ಅಂಬೆಗಾಲಿಡುವ ಕೂಸು ಇದ್ದರೆ ಎಚ್ಚರ. ಹುಣಸೆ ಬೀಜ, ಶೇಂಗಾ, ಕಡಲೆ, ಬಳೆಚೂರು ಶ್ವಾಸನಾಳಕ್ಕೆ ಹೋಗಬಹುದು. ಆಡುತ್ತಿದ್ದ ಕೂಸು ಒಮ್ಮೆಲೇ ಕೆಮ್ಮತೊಡಗಿದರೆ, ಕೆಮ್ಮು ನಿಂತರೂ ಆಸ್ಪತ್ರೆಗೆ ತೋರಿಸಿರಿ. ಬಾಯಲ್ಲಿ ಬೆರಳು ಹಾಕಿ ಹುಡುಕಬೇಡಿರಿ. ಅಳಲು, ಕೆಮ್ಮಲು ಆಗದಿದ್ದರೆ ಮಗುವನ್ನು ತಲೆ ಕೆಳಗಾಗುವಂತೆ ಬಾಗಿಸಿ, ಬೆನ್ನಿನ ಮೇಲೆ ಭುಜಗಳ ನಡುವೆ 5 ಸಲ ಬಲವಾಗಿ ಬಡಿಯಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಕೂಸಿಗೆ ಸ್ಟೀಲಿನ ಬಟ್ಟಲು, ಚಮಚ ಸಾಕು, ಸದ್ದು ಮಾಡುತ್ತ ಕೂಡುತ್ತದೆ. ಆಟ ಮುಗಿದ ಮೇಲೆ ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿರಿ.